ರಾಕ್ಷಸಿ ಬರ್ತಾಳೆ

ನಮ್ಮಕ್ಕನಿಗೆ ರಾಕ್ಷಸಿ ಅಂತ ಹೆಸರಿಟ್ಟವಳು ಬೇರೆ ಯಾರೂ ಅಲ್ಲ, ಹೆತ್ತ ಅಮ್ಮ. ಹಸುಗೂಸಾಗಿದ್ದಾಗಲೇ ತೊಟ್ಟಿಲು ಮುರಿಯೋ ಹಾಗೆ ಒದೀತಿದ್ದಳಂತೆ. ಆ ಹೆಸರು ಅಂಟಿಕೊಂಡಿತು ನೋಡಿ, ಬಿಡಲೇ ಇಲ್ಲ. ಬೇಕರಿಯಲ್ಲಿ ಮೈದಾ ಮೂಟೆಯನ್ನು ಒಬ್ಬಳೇ ಹೆಗಲಿಗೇರಿಸಿದಾಗ ಯಜಮಾನರು, "ಅಬ್ಬಾ, ರಾಕ್ಷಸಿ ಕಣಮ್ಮ ನೀನು!" ಅಂದರೆ ಅದು ಶಹಭಾಸ್‌ಗಿರಿ. ಅದನ್ನೇ ಭಾವ ಮೆತ್ತಗೆ ಅಂದರೆ ಅಕ್ಕನ ಕೆನ್ನೆ ಕೆಂಪಾಗುತ್ತೆ. ಪಕ್ಕದ ಮನೆಯಾಕೆ ಹಲ್ಲು ಕಡೀತಾ ಅಂದರೆ, ಅಕ್ಕ ಬೆಳಬೆಳಗ್ಗೆ ಗಟ್ಟಿಯಾಗಿ ನಕ್ಕು ಅವಳ ನಿದ್ದೆ ಕೆಡಿಸಿದ್ದಾಳೆ ಅಂತ ಅರ್ಥ. ಯಾರು ಹೇಗೆ ಅಂದರೂ ಅಕ್ಕನಿಗೆ ಬೇಜಾರಿಲ್ಲ.

ಒಬ್ಬಳ ವಿಷಯ ಬಿಟ್ಟು. ನನ್ನ ಮಗಳು ಚಿನ್ನಿ, ನಾಲ್ಕು ವರ್ಷದವಳು, ಈ ದೊಡ್ಡಮ್ಮನನ್ನು ಕಂಡರೆ ಅಳೋಳು. ಅಳದೆ ಏನ್ಮಾಡ್ತಾಳೆ ಪಾಪ? ದಿನಾ ತಟ್ಟೆ ಹಿಡ್ಕೊಂಡು ಅವಳ ಹಿಂದೆ ಓಡೋ ನಮ್ಮಮ್ಮ, "ಬಾಯಿ ತೆಗಿ, ಇಲ್ಲಾಂದ್ರೆ ರಾಕ್ಷಸಿ ಬರ್ತಾಳೆ!" ಅಂತ ಗದರೋಳು. ರಾಕ್ಷಸಿ ಗೋಡೆ ಬೀಳಿಸ್ತಾಳೆ, ಬಾಗಿಲು ಮುರೀತಾಳೆ ಅಂತ ಕಥೆ ಬೇರೆ. ಅದೇ ಹೆಸರಿನವಳು ಸಂಜೆ ಎದುರಿಗೇ ಬಂದು ನಿಂತರೆ! ಅಕ್ಕನಿಗೆ ಮಕ್ಕಳಿಲ್ಲ. ಕೆಲಸ ಮುಗಿಸಿ, ಬನ್ನಿನ ಹಿಟ್ಟಿನಲ್ಲಿ ಪುಟ್ಟ ಹಕ್ಕಿ ಮಾಡಿ ಬೇಯಿಸಿ, ಬಿಸಿಬಿಸಿ ತರೋಳು. ಮಗು ನನ್ನ ಬೆನ್ನ ಹಿಂದೆ ಅಡಗಿದ್ದು ನೋಡಿ, ಹೊಸ್ತಿಲಲ್ಲೇ ಇಟ್ಟು ಹೊರಟುಹೋಗೋಳು. "ಒಂದ್ಸಲ ನನ್ನ ತೊಡೆ ಮೇಲೆ ಕೂತ್ರೆ ಸಾಕು ಕಣೇ," ಅಂದಳು ಒಂದು ದಿನ. ನಾನು ಅಮ್ಮನ ಮೇಲೆ ಕೂಗಾಡಿದೆ. ಅಮ್ಮ ಕೇಳಬೇಕಲ್ಲ!

ಮೊನ್ನೆ ಬೆಳಗ್ಗೆ ಚಿನ್ನಿ ಬಚ್ಚಲುಮನೆಗೆ ಹೋಗಿ ಒಳಗಿಂದ ಚಿಲಕ ಹಾಕ್ಕೊಂಡಳು. ತೆಗೆಯೋಕೆ ಬರಲಿಲ್ಲ. ನಾನು ಬಾಗಿಲು ಬಡಿದೆ, ಅಮ್ಮ ಕಂಡಕಂಡ ದೇವರನ್ನೆಲ್ಲ ಕರೆದಳು, ಬಡಗಿ ಫೋನೇ ಎತ್ತಲಿಲ್ಲ. ಅತ್ತು ಅತ್ತು ಮಗುವಿನ ಗಂಟಲು ಕಟ್ಟಿಹೋಯಿತು. ಇದ್ದಕ್ಕಿದ್ದ ಹಾಗೆ ಒಳಗಿಂದ ಕೀರಲು ದನಿ ಬಂತು:

"ಅಮ್ಮಾ, ರಾಕ್ಷಸೀನ ಕರಿಯಮ್ಮಾ!"

ಅಜ್ಜಿ ಅನ್ನಿಸಿಕೊಂಡವಳು ಬಾಯಿ ಬಿಟ್ಕೊಂಡು ನಿಂತಳು. ನಾನು ಬರಿಗಾಲಲ್ಲೇ ಬೀದಿ ಕೊನೆಯ ಬೇಕರಿಗೆ ಓಡಿದೆ. ಅಕ್ಕ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ನನಗಿಂತ ಮುಂಚೆ ಮನೆ ಸೇರಿದಳು.

"ಕಂದಾ, ಆ ಮೂಲೆಗೆ ಹೋಗಿ ನಿಂತ್ಕೋ. ನಿಂತ್ಯಾ?"

"ಹೂಂ."

ಭುಜ ಕೊಟ್ಟು ಒಂದೇ ಗುದ್ದು. ಚಿಲಕ ಕಿತ್ತು ಬಿತ್ತು. ಚಿನ್ನಿ ನನ್ನ ಕಡೆ ತಿರುಗಿಯೂ ನೋಡದೆ ದೊಡ್ಡಮ್ಮನ ಕುತ್ತಿಗೆಗೆ ಜೋತುಬಿದ್ದಳು. ಅಕ್ಕ ಒದ್ದೆ ನೆಲದ ಮೇಲೇ ಕೂತು ಅವಳನ್ನು ತೊಡೆಗೆ ಹಾಕ್ಕೊಂಡಳು, ಅತ್ತಳು, ನಕ್ಕಳು. ಮಗುವಿನ ತಲೆತುಂಬ ಮೈದಾ. ನನಗಂತೂ ಅವತ್ತು ಕಾಲು ನೆಲದ ಮೇಲಿರಲಿಲ್ಲ.

ಮಧ್ಯಾಹ್ನ ಅಮ್ಮ ಅಭ್ಯಾಸಬಲದಿಂದ ತಟ್ಟೆ ಹಿಡಿದು ಗದರಿದಳು, "ತಿಂತೀಯೋ ಇಲ್ವೋ? ರಾಕ್ಷಸಿ ಬರ್ತಾಳೆ ನೋಡು!"

ಚಿನ್ನಿ ತುಟಿ ಬಿಗಿಯಾಗಿ ಮುಚ್ಚಿದಳು. ತಟ್ಟೆ ಆಚೆ ತಳ್ಳಿ, ಹೊಸ್ತಿಲ ಮೇಲೆ ಹೋಗಿ, ಬೇಕರಿ ಕಡೆ ನೋಡ್ತಾ ಕೂತುಬಿಟ್ಟಳು.