ಮುಳ್ಳು ಎಳೆದ ಮೇಲೆ

1979ರ ಫೆಬ್ರುವರಿಯ ಒಂದು ದಿನ, ಸಂಜೆ ಆರೂ ಮುಕ್ಕಾಲು. ವಿರುಪಣ್ಣ ಕುರಿಹಟ್ಟಿಯ ಒಳಗೆ ನಿಂತು, ಬಾಗಿಲಿನ ಕಿಂಡಿಗೆ ಜಾಲಿಮುಳ್ಳಿನ ದೊಡ್ಡ ಕೊಂಬೆ ಎಳೆದು ಹಗ್ಗ ಬಿಗಿಯುತ್ತಿದ್ದ. ಕುಕನೂರಿನಿಂದ ಯಲಬುರ್ಗಾಕ್ಕೆ ಹೋಗುವ ಸಂಜೆಯ ಬಸ್ಸು ಆಗಲೇ ದಿಬ್ಬ ದಾಟಿತ್ತು.

ಒಮ್ಮೆ ಮುಳ್ಳು ಎಳೆದರೆ ಬೆಳಗಾಗುವವರೆಗೆ ಯಾರಿಗೂ ತೆಗೆಯಬಾರದು. ಆ ಕಡೆಯ ಕುರಿಗಾರರ ಕಟ್ಟಳೆ ಅದು. ಕತ್ತಲಲ್ಲಿ ತೆರೆದರೆ ಮನುಷ್ಯ ಒಳಗೆ ಬರುತ್ತಾನೆ, ಅವನ ಬೆನ್ನಿಗೇ ತೋಳ ಬರುತ್ತದೆ. ಬೆದರಿದ ಹಿಂಡು ಅದೇ ಕಿಂಡಿಯಿಂದ ಹೊರಗೆ ನುಗ್ಗುತ್ತದೆ. ಹೊರಗೆ ಉಳಿದ ತೋಳಗಳಿಗೆ ಬೇಕಾದದ್ದೂ ಅದೇ.

ಮೂರು ವರ್ಷದ ಹಿಂದೆ ಈ ಕಟ್ಟಳೆ ಮುರಿದವನು ವಿರುಪಣ್ಣನ ಒಬ್ಬನೇ ಮಗ ಹುಸೇನಪ್ಪ. ಕಾವಲಿಗಿದ್ದವನು ಮುಳ್ಳನ್ನು ಅರ್ಧಕ್ಕೆ ಬಿಟ್ಟು ಬಯಲಾಟ ನೋಡಲು ಹೋಗಿದ್ದ. ಆ ರಾತ್ರಿ ತೋಳ ನುಗ್ಗಿತ್ತು. ಬೆಳಿಗ್ಗೆ ಮರಳುವಾಗ ಹಟ್ಟಿಯ ಮೇಲೆ ಹದ್ದು ಸುತ್ತುತ್ತಿರುವುದನ್ನು ದೂರದಿಂದಲೇ ಕಂಡು, ಊರೊಳಗೆ ಕಾಲಿಡದೆ ಹಾಗೇ ಹೊರಟುಹೋದ. ಕುರಿಗಳು ಊರವರವು, ಹೆಚ್ಚಿನವು ಊರ ಯಜಮಾನ ಗವಿಸಿದ್ದಪ್ಪನವು. ಅವನ ಎದುರು ವಿರುಪಣ್ಣ ಆಣೆ ಇಟ್ಟಿದ್ದ: “ಇನ್ನ ಮುಳ್ಳ ಎಳದ ಮ್ಯಾಲ ಸತ್ತ ನಮ್ಮಪ್ಪ ಎದ್ದ ಬಂದ್ರೂ ತೆಗಿಯಾಂಗಿಲ್ಲರಿ.” ಆ ಒಂದು ಮಾತಿನ ಮೇಲೆ ಹಿಂಡು ಅವನ ಕೈಯಲ್ಲಿ ಉಳಿದಿತ್ತು, ಹೊಟ್ಟೆಯ ದಾರಿಯೂ ಉಳಿದಿತ್ತು.

ವಿರುಪಣ್ಣನ ಮನೆಯವರು ಅವನ ಅಪ್ಪನ ಕಾಲಕ್ಕೇ ಕ್ರೈಸ್ತರಾಗಿದ್ದರು. ಹೆಸರುಗಳು ಮಾತ್ರ ಹಳೆಯವೇ. ತಿಂಗಳಿಗೊಮ್ಮೆ ಕೊಪ್ಪಳದಿಂದ ಬರುವ ಪಾದ್ರಿಯವರು ಹಿಂದಿನ ಭಾನುವಾರ ಬೈಬಲಿನಿಂದ ತಪ್ಪಿಹೋದ ಕುರಿಯ ಸಾಮ್ಯಕಥೆ ಓದಿದ್ದರು. ನೂರರಲ್ಲಿ ಒಂದು ತಪ್ಪಿಸಿಕೊಂಡಿತು; ಕುರುಬ ಉಳಿದವನ್ನು ಅಡವಿಯಲ್ಲೇ ಬಿಟ್ಟು ಅದನ್ನು ಹುಡುಕಿದ; ಸಿಕ್ಕಾಗ ಹೆಗಲಿಗೇರಿಸಿಕೊಂಡು ಹಿಗ್ಗಿದ; ಪರಲೋಕದ ಹಿಗ್ಗೂ ಅಂಥದೇ ಎಂದು.

ವಿರುಪಣ್ಣ ಎದ್ದು ನಿಂತಿದ್ದ. “ಅಯ್ಯನವರ, ತಪ್ಪ ತಿಳಿಬ್ಯಾಡ್ರಿ. ಉಳದ ಕುರಿ ತೋಳಕ್ಕ ಬಿಟ್ಟ ಹ್ವಾದವ ಎಂಥಾ ಕುರುಬರಿ? ನಮ್ಮೂರಾಗ ಆಗಿದ್ರ ಗವಿಸಿದ್ದಪ್ಪನವರು ಕೋಲ ಕಸಗೊಂಡು ಮನಿಗಿ ಕಳಸ್ತಿದ್ರು.”

“ದೇವರು ಗವಿಸಿದ್ದಪ್ಪನ ಕೈಯಾಗ ಕೆಲಸಕ್ಕಿಲ್ಲಪಾ,” ಎಂದು ಪಾದ್ರಿ ನಕ್ಕಿದ್ದರು.

ಈಗ ಹಗ್ಗದ ಗಂಟು ಬಿಗಿಯುವಷ್ಟರಲ್ಲಿ ನಾಯಿ ಗಂಟಲೊಳಗೇ ಗುರುಗುಟ್ಟಿತು. ಬೊಗಳಲಿಲ್ಲ. ಕುರಿಗಳು ಮೆಲುಕು ನಿಲ್ಲಿಸಿ ಒಂದಕ್ಕೊಂದು ಒತ್ತಿಕೊಂಡವು. ದಿಬ್ಬದ ಕಡೆಯಿಂದ ಬೀಸಿದ ಗಾಳಿಯಲ್ಲಿ ಏನು ಬಂದಿದೆಯೆಂದು ಅವುಗಳಿಗೂ ಗೊತ್ತಾಗಿತ್ತು, ಅವನಿಗೂ.

“ಯಪ್ಪಾ.”

ದನಿ ಮುಳ್ಳಿನ ಆಚೆಯಿಂದ ಬಂತು. ವಿರುಪಣ್ಣನ ಕೈ ಗಂಟಿನ ಮೇಲೇ ನಿಂತಿತು. ಮೂರು ವರ್ಷ ಕೂಡಿಟ್ಟ ಬೈಗುಳದಲ್ಲಿ ಬಾಯಿಗೆ ಬಂದದ್ದು ಒಂದೇ.

“ಬಯಲಾಟ ಮುಗೀತೇನಲೇ?”

“ಮುಗೀತಪಾ.” ಹುಸೇನಪ್ಪ ಏದುಸಿರು ಬಿಡುತ್ತಿದ್ದ. “ಬಸ್ ಇಳದಾಗಿಂದ ಬೆನ್ನ ಹತ್ಯಾವು. ಜ್ವರ ಬಂದೈತಿ, ಓಡಾಕ ಆಗವಲ್ದು. ಆದ್ರೂ ಮುಳ್ಳ ತೆಗಿಬ್ಯಾಡ. ಕುರಿ ಅದಾವು.”

ಅಷ್ಟು ಹೇಳಿ ಅವನು ಕುಸಿದು ಬಿದ್ದ ಸಪ್ಪಳ ಕೇಳಿಸಿತು. ಅದರ ಹಿಂದೆ, ಒಣಹುಲ್ಲಿನ ಮೇಲೆ ಮೆತ್ತನೆಯ ಹೆಜ್ಜೆಗಳು ಎರಡು ಕಡೆಯಿಂದ ಹತ್ತಿರವಾದವು.

ವಿರುಪಣ್ಣ ಹಗ್ಗ ಬಿಚ್ಚಲಿಲ್ಲ, ಕುಡುಗೋಲಿನಿಂದ ಕೊಯ್ದ. ಕೊಂಬೆ ದೂಡಿ, ಮಗನ ತೋಳು ಹಿಡಿದು ಒಳಗೆ ಎಳೆದುಕೊಂಡ. ಅದೇ ಕ್ಷಣ ಬೂದು ಬಣ್ಣದ್ದೊಂದು ಅವನ ಮೊಳಕಾಲಿಗೆ ತಾಗಿ ಒಳಗೆ ನುಗ್ಗಿತು. ಹಿಂಡು ಒಡೆಯಿತು. ಕೋಲು ಕೈಗೆಟುಕುವಷ್ಟು ದೂರದಲ್ಲೇ ಬಿದ್ದಿತ್ತು. ಕೋಲು ಎತ್ತಬೇಕಾದರೆ ಮಗನನ್ನು ನೆಲಕ್ಕೆ ಹಾಕಬೇಕಿತ್ತು, ಓಡುವ ಗೊರಸುಗಳ ಕೆಳಗೆ. ವಿರುಪಣ್ಣ ಅವನನ್ನು ಹೆಗಲಿಗೇರಿಸಿಕೊಂಡು ಬೇಲಿಗೆ ಒತ್ತಿ ನಿಂತ. ಮುಳ್ಳು ಬೆನ್ನಿಗೆ ಇಳಿಯಿತು. ಹೊರಗೆ ಕತ್ತಲಲ್ಲಿ ಕುರಿಗಳು ಒಂದೊಂದಾಗಿ ಅರಚಿ ಸುಮ್ಮನಾಗುತ್ತಿದ್ದವು. ಆಗ ಅವನ ಎದೆಯೊಳಗಿಂದ ಏನೋ ಉಕ್ಕಿ ಬಂತು. ಅದು ನಗು. ತೋಳಕ್ಕೆ ಹೆದರದವನು ಆ ನಗುವಿಗೆ ಹೆದರಿದ.

ಹಿಂಡು ಮತ್ತೆಂದೂ ಅವನ ಕೈಗೆ ಬರಲಿಲ್ಲ. ತಂದೆ ಮಗ ಶ್ರೀರಾಮನಗರದ ಕಡೆ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡಿ ಬದುಕಿದರು. ವಿರುಪಣ್ಣ ಅಲ್ಲೇ ತೀರಿಕೊಂಡ, 1986ರಲ್ಲಿ. ಊರವರು ಮಾತ್ರ ಇವತ್ತಿಗೂ ಹೇಳುವುದು ತೋಳ ನುಗ್ಗಿದ ಆ ರಾತ್ರಿ ಕಳೆದ ಬೆಳಗಿನ ಮಾತು. ಸತ್ತ ಕುರಿಗಳನ್ನು ಎಳೆದು ಸಾಲಾಗಿ ಹಾಕಿದ್ದರು. ಗವಿಸಿದ್ದಪ್ಪ ಅವುಗಳ ನಡುವೆ ನಿಂತು ಕೂಗಿದ: “ಆಣಿ ಇಟ್ಟ ಬಾಯಿ ಬಿಡಲೇ! ನೀನ ಹೇಳು, ಎಷ್ಟು?”

ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ವಿರುಪಣ್ಣ ಸತ್ತವುಗಳ ಕಡೆ ನೋಡಲಿಲ್ಲ.

“ಹ್ವಾದವು ನೀವ ಎಣಿಸ್ರಿ, ಯಜಮಾನ್ರ. ಸಿಕ್ಕಿದ್ದು ಒಂದು.”