ನನ್ನ ಕೀಲುಗಳ ಕಾಳಗ ನಿಲ್ಲಿಸಿದ ಮಲ್ಲಯ್ಯ

ಹೋದ ವರ್ಷ ಯುಗಾದಿಯ ಮರುದಿನ ಎದ್ದಾಗ ನನ್ನ ಎರಡೂ ಮುಂಗೈ ಯಾರೋ ಕಲ್ಲಿನಿಂದ ಜಜ್ಜಿದಂತೆ ಊದಿದ್ದವು. ಆಗ ನಾನು ಕೊಂಕಲ್‌ನಿಂದ ಶಹಾಪುರದ ಕಾಲೇಜಿಗೆ ಓಡಾಡುತ್ತಿದ್ದೆ. ದಿನಚರಿ ಬರೆಯುವ ರೂಢಿಯಿದ್ದುದರಿಂದ, ಬೆಳಿಗ್ಗೆ ಬೆರಳು ಬಿಚ್ಚಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡತೊಡಗಿದೆ: ಮೊದಲು ಅರ್ಧ ಗಂಟೆ, ಕಾರಹುಣ್ಣಿಮೆಗೆ ಎರಡು ಗಂಟೆ. ನಾಗರಪಂಚಮಿಗೆ ಪೆನ್ನು ಹಿಡಿಯಲಾಗದೆ ಬರೆಯುವುದೇ ನಿಂತಿತು. ದೇವರ ಮುಂದೆ ನಿಂತರೆ ಅಂಗೈಗೆ ಅಂಗೈ ಕೂಡುತ್ತಿರಲಿಲ್ಲ.

ವಡಗೇರಾದಲ್ಲಿ ಸೂಜಿ ಮಾಡಿಸಿದರೆ ಎರಡು ದಿನ ತಣ್ಣಗಿದ್ದು ಮತ್ತೆ ಕಚ್ಚುತ್ತಿತ್ತು. ಅವ್ವ ಪ್ರತಿ ರವಿವಾರ ಕೀಲುಗಳಿಗೆ ನಮ್ಮ ಮನೆದೇವರು ಮಲ್ಲಯ್ಯನ ಭಂಡಾರದ ಅರಿಶಿನ ಹಚ್ಚಿ, "ಮಲ್ಲಯ್ಯ, ನನ್ನ ಮಗಳ ಮೈಯಾಗ ಹೊಕ್ಕ ವೈರೀನ ಕಡಿದು ಹಾಕಪ್ಪ" ಎಂದು ಬೇಡುತ್ತಿದ್ದಳು.

ಕೊನೆಗೆ ಸೋದರಮಾವ, ಬೋನಾಳದ ಕಡೆ ಬರೆ ಹಾಕುವವನೊಬ್ಬನಿದ್ದಾನೆ, ಕಾದ ಕುಡುಗೋಲಿನಿಂದ ಕೀಲು ಸುಟ್ಟರೆ ಒಳಗಿನದು ಓಡಿಹೋಗುತ್ತದೆ ಎಂದ. ನಾನು ಅತ್ತೆ. "ನಮ್ಮ ಎಮ್ಮಿ ಬರಿ ತಿಂದು ಮರುದಿನ ಹಾಲು ಕೊಟ್ಟದ. ನಿನಗೇನ್ ಧಾಡಿ?" ಎಂದು ನಕ್ಕ.

ಶ್ರಾವಣದ ಒಂದು ಸೋಮವಾರ ಅವ್ವ, ಮಾವ, ನಾನು ಬರೆ ಹಾಕಿಸಲೆಂದು ಶಹಾಪುರದಲ್ಲಿ ಸುರಪುರದ ಬಸ್ಸು ಹತ್ತಿದೆವು. ದಾರಿಯಲ್ಲಿ ಕಾಲುವೆಯ ಸೇತುವೆಯ ಮೇಲೆ ಬಸ್ಸು ನಿಂತಿತು. ತೂಬಿನ ನೀರಿಗಾಗಿ ಎರಡು ಊರಿನವರು ಬಡಿದಾಡುತ್ತಿದ್ದರು. ಒಬ್ಬ ಕೂಗಿದರೆ ಹತ್ತು ಜನ ಬಡಿಗೆ ಹಿಡಿದು ಓಡಿ ಬರುತ್ತಿದ್ದರು. ಕೆಸರಿಗೆ ಬಿದ್ದ ಒಬ್ಬನನ್ನು ಸುತ್ತುಗಟ್ಟಿ ಹೊಡೆಯುವ ಸದ್ದು ಕಿಟಕಿಯವರೆಗೆ ಕೇಳಿಸಿತು. ಅವನ ತಲೆ ಒಡೆದಿತ್ತು. ಆಗ ಮುದುಕಿಯೊಬ್ಬಳು ನಡುವೆ ನುಗ್ಗಿ, ಸೆರಗಿನಿಂದ ಅವನ ಮುಖದ ಕೆಸರು ಒರೆಸಿ ಹೇಳಿದಳು: "ಕಣ್ಣ ತೆರದು ನೋಡ್ರಲೇ. ಇಂವ ನಮ್ಮಂವ ಅದಾನ."

ಬಡಿಗೆಗಳು ಇಳಿದವು. ತಮ್ಮೂರಿನವನನ್ನು ತಾವೇ ಬಡಿದಿದ್ದರು.

ಡ್ರೈವರ್ ಅವನನ್ನು ಹತ್ತಿಸಿಕೊಂಡು ಬಸ್ಸನ್ನು ಶಹಾಪುರಕ್ಕೇ ತಿರುಗಿಸಿದ. ಅವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹಾಗಾಗಿ ನಾವೂ ಅವನೊಂದಿಗೆ ಆಸ್ಪತ್ರೆಯೊಳಗೆ ಹೋಗಬೇಕಾಯಿತು. ಹೊಲಿಗೆ ಹಾಕುತ್ತಿದ್ದ ಡಾಕ್ಟರಮ್ಮ ಬಟ್ಟೆ ಹಿಡಿ ಎಂದಾಗ ನನ್ನ ಕೈ ಮಡಚಲಿಲ್ಲ. ಅವರು ಮುಂಗೈ ಒತ್ತಿ ನೋಡಿ, ಮುಂಜಾನೆ ಬಿಗಿಯುತ್ತದೆಯೇ ಎಂದು ಕೇಳಿದರು. ಬರೆದಿಟ್ಟಿದ್ದ ಲೆಕ್ಕ ಹೇಳಿದೆ. ಮಾವ ಬರೆಯ ವಿಷಯ ತೆಗೆದ.

"ಮನಿ ಮಂದಿ ಜಗಳ ಬಿಡಸಾಕ ಮನಿಗೇ ಬೆಂಕಿ ಹಚ್ತೀರೇನ್ರಿ?" ಎಂದ ಡಾಕ್ಟರಮ್ಮ ನನ್ನ ರಕ್ತ ಪರೀಕ್ಷೆಗೆ ಕಳಿಸಿದರು.

ರಕ್ತದ ವರದಿ ಬಂದ ದಿನ ಆ ಮಾತನ್ನು ಬಿಡಿಸಿ ಹೇಳಿದರು. ರೋಗಾಣುಗಳನ್ನು ಹೊಡೆಯಲೆಂದು ರಕ್ತದಲ್ಲಿ ಬಿಳಿ ಕಣಗಳಿರುತ್ತವೆ. ನನ್ನಲ್ಲಿ ಅವು ಕೀಲಿನ ಒಳಪದರವನ್ನೇ ಹೊರಗಿನದೆಂದು ತಿಳಿದಿವೆ. ಒಂದು ಕಣ ತನ್ನ ರಸದಿಂದ ಸುಳಿವು ಕೊಟ್ಟರೆ ಉಳಿದವು ಅಲ್ಲಿಗೇ ನುಗ್ಗುತ್ತವೆ. ಪದರ ಊದಿ, ದಪ್ಪವಾಗಿ, ಎಲುಬಿನ ತುದಿಗಿರುವ ಮೆತ್ತನೆಯ ಮೃದ್ವಸ್ಥಿಯನ್ನು ತಿನ್ನುತ್ತದೆ. ಎಲುಬು ಕರಗಿಸುವ ಕಣಗಳೂ ಎಚ್ಚೆತ್ತು ಎಲುಬನ್ನು ಕೊರೆಯುತ್ತವೆ. "ಇದರಾಗ ವೈರಿ ಯಾರೂ ಇಲ್ಲ ತಂಗಿ. ಬಡಿಯೋರೂ ನಿನ್ನವರೇ, ಬಡಿಸ್ಕೊಳ್ಳೋರೂ ನಿನ್ನವರೇ."

ತಲೆಗೆ ಪಟ್ಟಿ ಕಟ್ಟಿಸಿಕೊಂಡು ಇನ್ನೂ ಆಸ್ಪತ್ರೆಯಲ್ಲೇ ಮಲಗಿದ್ದ ಕಾಲುವೆಯ ಆ ಮನುಷ್ಯನ ಕಡೆ ಅವ್ವ ನೋಡಿದಳು.

ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು, ಅದು ಆ ಕಣಗಳ ಕೈ ಹಿಡಿದು ನಿಲ್ಲಿಸುತ್ತದೆ, ವಾರಕ್ಕೆ ಒಂದೇ ದಿನ ನುಂಗಬೇಕು, ರಕ್ತಪರೀಕ್ಷೆ ತಪ್ಪಿಸಬಾರದು ಎಂದರು. ನಾವು ರವಿವಾರವನ್ನು ಆರಿಸಿದೆವು. ಆ ದಿನ ಭಂಡಾರ ಹಚ್ಚುತ್ತ ಅವ್ವ ಹಳೆಯ ಬೇಡಿಕೆ ಬಿಟ್ಟಳು. "ಮಲ್ಲಯ್ಯ, ಯಾರನ್ನೂ ಕಡಿಬ್ಯಾಡಪ್ಪ. ಈಕಿ ನಮ್ಮಾಕಿ ಅದಾಳಂತ ಅವಕ್ಕ ತಿಳಿಸಿ ಹೇಳು."

ದಸರಾ ದಾಟಿದ ಮೇಲೆ ಬಿಗಿತ ಇಳಿಯುತ್ತ ಬಂತು. ದೀಪಾವಳಿಗೆ ಮತ್ತೆ ಪೆನ್ನು ಹಿಡಿದೆ. ರೋಗ ಪೂರ್ತಿ ಹೋಗಿಲ್ಲ, ಗುಳಿಗೆ ಬಿಡುವಂತಿಲ್ಲ. ಆದರೆ ವೈರಿಯನ್ನು ಕಡಿ ಎಂದು ಬೇಡಿದ ನಮ್ಮನ್ನು ಮಲ್ಲಯ್ಯ ಕಾಲುವೆಯ ಮೇಲೆ ತಡೆದು, ಬೇರೆಯದೇ ಮಾತು ಕೇಳಿಸಿದ. ಅದು ಅವನ ಕೃಪೆಯೆಂದು ನಾನು ನಂಬಿದ್ದೇನೆ.

ಇವತ್ತು ಮುಂಜಾನೆ ದೀಪದ ಮುಂದೆ ಅಂಗೈಗೆ ಅಂಗೈ ಕೂಡಿತು. ನೋಯಿತು. ಬಿಡದೆ ಹಾಗೆಯೇ ನಿಂತೆ. ಇದನ್ನು ಓದುವ ಮಲ್ಲಯ್ಯನ ಭಕ್ತರೆಲ್ಲರಿಗೂ ಅದೇ ಕೈಗಳಿಂದ ಶರಣು.