ಮಾಗ್ನಿಯ ಪಕ್ಕದ ಹಾಸಿಗೆ

ಮಾಗ್ನಿಯನ್ನು ಕೇಳದೆ ನಮ್ಮ ಸ್ಕಾರ್ವೊಯ್ ದ್ವೀಪದಲ್ಲಿ ಯಾರೂ ಒಂದು ಬಾಣಲೆ ಕೂಡ ಕೊಳ್ಳುವುದಿಲ್ಲ. ಕೇಳದೆ ಕೊಂಡರೂ ಅದೇನೂ ಗುಟ್ಟಾಗಿ ಉಳಿಯುವುದಿಲ್ಲ ಬಿಡಿ. ಪೇಟೆಗೆ ಹೋಗಿಬರಲು ನಮಗಿರುವುದು ಒಂದೇ ಫೆರಿ. ಅದರಲ್ಲಿ ಕಾಫಿ ಮತ್ತು ಸ್ವೇಲೆ ಮಾರುವವಳು ನಾನು, ಗುನ್ವೋರ್. ಸ್ವೇಲೆ ಎಂದರೆ ದಪ್ಪನೆಯ ಸಿಹಿ ದೋಸೆ; ಬೆಣ್ಣೆ ಸವರಿ, ಕಂದು ಚೀಸ್ ಇಟ್ಟು ಮಡಚಿ ಕೊಡುತ್ತೇನೆ. ಯಾರ ಚೀಲದಲ್ಲಿ ಏನಿದೆ ಎಂದು ನನ್ನ ಕಣ್ಣು ತಪ್ಪಿಸಿ ದಡ ಸೇರಿದವರು ಇನ್ನೂ ಹುಟ್ಟಿಲ್ಲ.

ನಮ್ಮ ಸೀಮೆಯವರು ಜಿಪುಣರು ಎಂದು ನಾರ್ವೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅದಕ್ಕೇನೂ ಖರ್ಚಿಲ್ಲ. ಆದರೆ ಮಾಗ್ನಿಯದು ಜಿಪುಣತನವಲ್ಲ. ಅವಳ ಮನೆಯ ಪರದೆಗಳು ಶಾಲೆಯ ಬ್ಯಾಂಡಿನವರು ಹಳೆ ಸಾಮಾನು ಮಾರುವಾಗ ಚೌಕಾಸಿ ಮಾಡಿ ತಂದವು. ಮಳೆಯ ಕೋಟು ಅವಳಪ್ಪ ಮೀನಿಗೆ ಹೋಗುವಾಗ ತೊಡುತ್ತಿದ್ದದ್ದು. ಆದರೆ ಕೋಟಿನೊಳಗೆ ಹಾಕುವ ಉಣ್ಣೆಯ ಬನಿಯನ್ ಮಾತ್ರ ಅಂಗಡಿಯಲ್ಲಿರುವ ಎಲ್ಲಕ್ಕಿಂತ ದುಬಾರಿಯದೇ ಆಗಬೇಕು.

"ಪರದೆ ನೋಡೋರು ಬೀದೀಲಿ ಹೋಗೋರು. ಚೆನ್ನಾಗಿರೋದು ಬೇಕಿದ್ರೆ ಅವರೇ ದುಡ್ಡು ಹಾಕ್ಲಿ," ಎನ್ನುತ್ತಾಳೆ. "ನನ್ನ ಮೈಗೆ ದಿನಾ ತಾಗೋದಕ್ಕೆ ನಾನು ಹಾಕ್ತೀನಿ."

ನಾನೊಮ್ಮೆ ಹನ್ನೆರಡು ಜನಕ್ಕಾಗುವ ಪಿಂಗಾಣಿ ತಟ್ಟೆಗಳ ಮೇಲೆ ಮನಸ್ಸಿಟ್ಟಿದ್ದೆ. ಗ್ರಹಚಾರಕ್ಕೆ ಅವಳ ಮುಂದೆ ಬಾಯಿಬಿಟ್ಟೆ.

"ಹನ್ನೆರಡು ಜನ ನಿಮ್ಮನೇಲಿ ಯಾವಾಗ ಉಣ್ತಾರೆ?"

"ಕ್ರಿಸ್ಮಸ್‌ಗೆ."

"ಕ್ರಿಸ್ಮಸ್‌ಗೆ ನನ್ನ ತಟ್ಟೆ ತಗೊಂಡ್ಹೋಗು. ಆ ದುಡ್ಡಲ್ಲಿ ಒಂದು ಒಳ್ಳೆ ಶೂ ತಗೋ. ಬೆಳಗಿಂದ ಸಂಜೆವರೆಗೂ ನಿಂತಿರ್ತೀಯಲ್ಲೇ, ನಿನ್ನ ಕಾಲೇನು ಕಂಬಾನಾ?"

ಮೈಯೆಲ್ಲ ಉರಿದುಹೋಯಿತು. ಹಟಕ್ಕೆ ಒಂದು ವಾರ ಮಾತು ಬಿಟ್ಟೆ. ಆಮೇಲೆ ಶೂ ಕೊಂಡೆ. ಸಂಜೆಯ ಹೊತ್ತಿಗೆ ಪಾದ ಊದುವುದು ನಿಂತಿತು. ಅವಳಿಗೆ ಹೇಳಲಿಲ್ಲ, ಆದರೆ ನನ್ನ ನಡಿಗೆ ನೋಡಿಯೇ ತಿಳಿದುಕೊಂಡಳು. ಅದು ಅವಳಲ್ಲಿ ನನಗೆ ಸೇರದ ಗುಣ.

ಮೀನಿನ ಕಾರ್ಖಾನೆಯ ಒದ್ದೆ ನೆಲದ ಮೇಲೆ ನಿಂತು ನಿಂತು ಅವಳ ಸೊಂಟ ಹೋಗಿತ್ತು. ಕೆಲಸ ಬಿಟ್ಟ ವರ್ಷ ಅವಳು ಒಂದು ಹಾಸಿಗೆ ಕೊಂಡಳು. ಪೇಟೆಯ ಅಂಗಡಿಯಲ್ಲಿ ಶೂ ಬಿಚ್ಚಿಟ್ಟು, ಕೋಟು ಮಡಚಿಟ್ಟು, ಒಂದೊಂದರ ಮೇಲೂ ಹೊರಳಾಡಿ ನೋಡಿದಳಂತೆ. ಒಂದರ ಮೇಲೆ ನಿದ್ದೆಯೇ ಹೋದಳಂತೆ. ಅದನ್ನೇ ತಂದಳು. ದಪ್ಪನೆಯದು, ಒಬ್ಬರು ಮಲಗುವಷ್ಟು ಅಗಲದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬುದ್ಧಿ ಹೇಳುವವರು ಆ ಹಾಸಿಗೆ ಎಂಥದ್ದು ಎಂದು ಕೇಳುವುದಿಲ್ಲ ನೋಡಿ. ಇವಳು ಅದನ್ನೇ ಮೊದಲು ಕೇಳುವವಳು. ಮದುವೆಯೆಂಬುದು ಅವಳಿಗೆ ಕೂಡಿಬಂದಿರಲಿಲ್ಲ, ಅಗಲದ ಚಿಂತೆ ಇರಲಿಲ್ಲ.

ಆಮೇಲೆ ಬಂದ ನಮ್ಮ ಸ್ಟೈನಾರ್.

ಸ್ಟೈನಾರ್ ಫೆರಿಯಲ್ಲೇ ಹಗ್ಗ ಕಟ್ಟುವ ಕೆಲಸ ಮಾಡಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ವರ್ಷಗಳಾಗಿವೆ. ಒಳ್ಳೆಯವನು, ಆದರೆ ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ನಿನ್ನೆಯ ಕಾಫಿ ಚರಟವನ್ನೇ ಇವತ್ತೂ ಕುದಿಸುತ್ತಾನೆ. ರಿಯಾಯಿತಿ ಇಲ್ಲದೆ ಒಂದು ಮೊಳೆಯನ್ನೂ ಕೊಂಡವನಲ್ಲ. ಕೊಂಡರೆ ಎಷ್ಟು ಉಳಿಯಿತು ಎಂದು ಫೆರಿಯವರಿಗೆಲ್ಲ ಸಾರಿಕೊಂಡೇ ದಡ ಮುಟ್ಟುತ್ತಾನೆ. ಅವನು ಗುರುವಾರಗಳಂದು ಮಾಗ್ನಿಯ ಮನೆಗೆ ಆಲೂಗಡ್ಡೆ ಉಂಡೆಯ ಊಟಕ್ಕೆ ಹೋಗಲು ಶುರುಮಾಡಿದ. ಗುರುವಾರ ಎಲ್ಲರ ಮನೆಯಲ್ಲೂ ಅದೇ ಊಟ, ಒಬ್ಬಳಿಗಾಗಿ ಅಷ್ಟು ತುರಿದು ಬೇಯಿಸುವುದು ದಂಡ ಎಂದು ಅವಳೇ ಕರೆದಿದ್ದಳು. ಚಳಿಗಾಲ ಶುರುವಾಗುವ ಹೊತ್ತಿಗೆ ಗುರುವಾರ ಬಂತೆಂದರೆ ಅವಳು ಬೆಳಗ್ಗೆಯೇ ತಲೆ ಬಾಚಿ ಕೂತಿರುತ್ತಿದ್ದಳು.

ಒಂದು ದಿನ ಅವನು ಕೇಳಿಯೇಬಿಟ್ಟ. "ಎರಡು ಮನೆಗೆ ಯಾಕೆ ಸೌದೆ ಸುಡೋದು? ನಾನು ಇಲ್ಲಿಗೇ ಬಂದುಬಿಡ್ಲಾ?"

ಅವಳು ಇನ್ನೇನು ಹೂಂ ಎನ್ನಬೇಕು, ಅಷ್ಟರಲ್ಲಿ ಆ ಮಹಾರಾಯ ಮುಂದುವರಿಸಿದ. "ನಿನ್ನ ಹಾಸಿಗೆ ಮಾರಿಬಿಡು, ಒಳ್ಳೆ ಬೆಲೆ ಬರುತ್ತೆ. ಇಬ್ಬರದೊಂದು ಪೇಟೇಲಿ ಅರ್ಧ ಬೆಲೆಗಿದೆ."

"ಉಂಡೆ ಆರಿಹೋಗ್ತಿದೆ, ತಿನ್ನು," ಎಂದಳಂತೆ ಮಾಗ್ನಿ. ಆ ದಿನ ಮಾತು ಅಲ್ಲಿಗೇ ನಿಂತಿತು.

ಹಾಸಿಗೆ ಮಾರುವುದು ಬೇಡವೆಂದು ಅವನಿಗೆ ಅರ್ಥವಾಯಿತು. ಅಷ್ಟು ಬುದ್ಧಿ ಇದೆ. ನಮ್ಮಲ್ಲಿ ಗಂಡ ಹೆಂಡಿರಿಗೆ ಒಂದೇ ಹಾಸಿಗೆ ಇರಲೇಬೇಕೆಂದೇನೂ ಇಲ್ಲ. ಎರಡನ್ನು ಒತ್ತಾಗಿ ಜೋಡಿಸಿ, ಅವರವರ ಹೊದಿಕೆ ಅವರವರು ಹೊದ್ದು ಮಲಗುವವರೇ ಹೆಚ್ಚು. ಹಾಗೆಂದು ಅವನು ಪೇಟೆಗೆ ಹೋಗಿ ತನಗೊಂದು ತಂದ. ಮೂಲೆಯಲ್ಲಿ ಉಳಿದುಹೋಗಿದ್ದ ಸರಕು, ತೆಳ್ಳಗಿನದು. ಫೆರಿಯಲ್ಲಿ ನನಗೆ ತೋರಿಸಿ, "ಮುಕ್ಕಾಲು ಪಾಲು ಉಳೀತು ಗುನ್ವೋರ್" ಎಂದು ಎದೆ ಉಬ್ಬಿಸಿದ. ಅಗ್ಗವೆಂದು ಮುಗ್ಗಲು ಜೋಳ ಕೊಂಡಂತಾಯಿತು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮಾಗ್ನಿಯ ಹಾಸಿಗೆಯ ಪಕ್ಕದಲ್ಲಿಟ್ಟರೆ ಅದು ಒಂದು ಗೇಣು ತಗ್ಗು. ಇಬ್ಬರೂ ಹಾಕಿದ ಬಟ್ಟೆಯಲ್ಲೇ ಮಲಗಿ ನೋಡಿದರಂತೆ. ಅವಳು ಮೇಲೆ, ಅವನು ಕೆಳಗೆ, ದಕ್ಕೆಯ ಮೇಲೆ ನಿಂತು ದೋಣಿಯಲ್ಲಿರುವವನನ್ನು ನೋಡಿದ ಹಾಗೆ. "ಪರವಾಗಿಲ್ಲ, ಅಭ್ಯಾಸ ಆಗುತ್ತೆ," ಎಂದನಂತೆ ಸ್ಟೈನಾರ್.

ಮಾಗ್ನಿ ಎದ್ದು ಕೂತು ಹೇಳಿದಳು, "ತಗೊಂಡು ಹೋಗು. ಇನ್ನು ಗುರುವಾರ ಬರಬೇಡ."

ಮರುದಿನ ಫೆರಿ ಹತ್ತಿ ನನ್ನ ಮುಂದೆ ಕೂತು ಅತ್ತಳು. ಮಾಗ್ನಿ ಅತ್ತದ್ದನ್ನು ನಾನು ಅಂದೇ ಮೊದಲು ಕಂಡದ್ದು.

"ಹಾಸಿಗೆ ಹಾಳಾಗಿ ಹೋಗ್ಲಿ ಕಣೇ. ನಾನು ಯಾತಕ್ಕೆ ದುಡ್ಡು ಹಾಕ್ತೀನಿ, ಯಾತಕ್ಕೆ ಹಾಕಲ್ಲ ಅಂತ ಊರಿಗೆಲ್ಲ ಗೊತ್ತು. ಅವನಿಗೆ ಗೊತ್ತಿಲ್ವಾ? ನನ್ನ ಜೊತೆ ಇರೋದನ್ನೂ ಅವನು ಅರ್ಧ ಬೆಲೆಗೆ ತಗೊಳಕ್ಕೆ ಬಂದಿದಾನೆ ಅನ್ನಿಸ್ತು."

"ಬಿಟ್ಟಾಕು ಹಾಗಾದ್ರೆ."

"ಬಿಡೋ ಹಾಗಿದ್ರೆ ಇಲ್ಲಿ ಬಂದು ಅಳ್ತಿದ್ನಾ?" ಎಂದು ನನ್ನ ಮೇಲೆಯೇ ರೇಗಿದಳು.

ಇಷ್ಟು ವಯಸ್ಸಿಗೆ ಮೊದಲ ಸಲ ಯಾರನ್ನೋ ಬೇಕೆಂದುಕೊಂಡವಳು. ಈ ಸಲ ತಪ್ಪಿದರೆ ಇನ್ನೊಬ್ಬ ಬರುವವನಿಲ್ಲ, ಬಂದರೂ ಅವಳಿಗೆ ಬೇಕಿದ್ದದ್ದು ಇವನೇ.

ಸ್ಟೈನಾರ್ ಗುರುವಾರಗಳಂದು ಸುಮ್ಮನೆ ಫೆರಿ ಹತ್ತಿ ಆ ದಡಕ್ಕೂ ಈ ದಡಕ್ಕೂ ಓಡಾಡತೊಡಗಿದ. ಹಳೆಯ ನೌಕರ, ಟಿಕೆಟ್ ಇಲ್ಲ. ಸ್ವೇಲೆಯನ್ನು ಮಾತ್ರ ಪೂರ್ತಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದ, ಅದನ್ನೂ ಅರ್ಧ ತಿಂದು ಬಿಡುತ್ತಿದ್ದ.

"ಉಂಡೆಯಷ್ಟು ರುಚಿ ಇಲ್ಲ," ಎಂದ ಒಂದು ದಿನ.

"ಮಂಕುದಿಣ್ಣೆ," ಎಂದೆ. ತಡೆಯಲಾಗಲಿಲ್ಲ. "ಮುಕ್ಕಾಲು ಪಾಲು ಉಳಿಸಿದ್ಯಲ್ಲ, ಅದನ್ನೇ ನೆಂಚ್ಕೊಂಡು ತಿನ್ನು."

ಅವನು ತಟ್ಟೆಯನ್ನು ನನ್ನ ಕಡೆಗೆ ಸರಿಸಿ ಹೊರಗೆ ಹೋಗಿ ಗಾಳಿಯಲ್ಲಿ ನಿಂತ.

ಕ್ರಿಸ್ಮಸ್‌ಗೆ ಮೊದಲು ಪೇಟೆಯಿಂದ ಬಂದ ಫೆರಿಯಲ್ಲಿ ಅವನ ಕಾರಿತ್ತು. ಹಿಂದಿನ ಟ್ರೈಲರಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಹಾಸಿಗೆ, ಒಬ್ಬರು ಮಲಗುವಷ್ಟು ಅಗಲದ್ದು, ದಪ್ಪನೆಯದು. ಜನ ಕಾರುಗಳಿಂದ ಇಳಿದು ಬಂದು ಸುತ್ತ ನಿಂತರು. ಕಪ್ತಾನ ಕೂಡ ಮೇಲಿನಿಂದ ಬಗ್ಗಿ ನೋಡಿದ.

"ಎಷ್ಟು ಉಳೀತು ಸ್ಟೈನಾರ್?" ಎಂದು ಯಾರೋ ಕೆಣಕಿದರು. ಅವನು ಕಿವಿ ಕೆಂಪಗೆ ಮಾಡಿಕೊಂಡು ಸಮುದ್ರ ನೋಡುತ್ತ ಕೂತ. ಜನಕ್ಕೆ ದಿಗಿಲಾಯಿತು, ಮೈಯಲ್ಲಿ ಹುಷಾರಿಲ್ಲವೇನೋ ಎಂದು. ನಾನು ಒಳಗೆ ಹೋಗಿ ಮಾಗ್ನಿಗೆ ಫೋನು ಮಾಡಿದೆ.

ಅವಳು ಅಪ್ಪನ ಕೋಟು ಹಾಕಿಕೊಂಡು ದಕ್ಕೆಯಲ್ಲಿ ನಿಂತಿದ್ದಳು. ಸ್ಟೈನಾರ್ ಫೆರಿಯಿಂದ ಕಾರು ಇಳಿಸಿ ಅವಳ ಮುಂದೆಯೇ ನಿಲ್ಲಿಸಿದ. ಹಿಂದಿದ್ದ ಕಾರುಗಳಿಗೆ ದಾರಿ ಕಟ್ಟಿಹೋಯಿತು, ಆದರೂ ಒಬ್ಬರೂ ಹಾರ್ನ್ ಹೊಡೆಯಲಿಲ್ಲ.

"ಎಷ್ಟು ಕಡಿಮೆ ಮಾಡಿಸ್ಕೊಂಡೆ?" ಎಂದು ಕೇಳಿದಳು.

"ಕೇಳ್ಲಿಲ್ಲ."

"ಜನವರೀಲಿ ರಿಯಾಯಿತಿ ಬರುತ್ತಲ್ಲ?"

"ಗೊತ್ತು. ಅಷ್ಟರಲ್ಲಿ ಇನ್ನೂ ಮೂರು ಗುರುವಾರ ಹೋಗ್ಬಿಡುತ್ತೆ."

ಅವಳು ಪ್ಲಾಸ್ಟಿಕ್ಕಿನ ಮೇಲಿಂದಲೇ ಅಂಗೈ ಊರಿ ಒತ್ತಿ ನೋಡಿದಳು. ಎತ್ತರಕ್ಕೆ ಗೇಣು ಹಾಕಿ ನೋಡಿದಳು.

"ಗ್ಯಾರಂಟಿ?"

"ಇಪ್ಪತ್ತೈದು ವರ್ಷ."

"ನಿಂಗೆ ಅರವತ್ತೇಳು."

"ಹೂಂ," ಎಂದ ಸ್ಟೈನಾರ್. "ನಡುವೆ ಎದ್ದು ಹೋದ್ರೆ ದುಡ್ಡು ದಂಡ. ಅಷ್ಟೂ ವರ್ಷ ಇರಲೇಬೇಕು. ಪಕ್ಕದಲ್ಲಿ ನೀನೂ ಇರ್ಬೇಕು, ಇಲ್ದಿದ್ರೆ ಪೂರ್ತಿ ಬೆಲೆ ಕೊಟ್ಟು ಏನು ಬಂತು?"

ಮಾಗ್ನಿ ಕಾರಿನ ಬಾಗಿಲು ತೆಗೆದು ಅವನ ಪಕ್ಕದಲ್ಲಿ ಕೂತು, "ಮಳೆ ಬರೋ ಹಾಗಿದೆ, ಬೇಗ ನಡಿ" ಎಂದಳು.